ಹಕ್ಕಿಯ ಉಗುರನ್ನು ಕತ್ತರಿಸುವವರು ಯಾರು?

ಶಾಲೆಯಲ್ಲಿ ಓದಿದವರಿಗೆಲ್ಲ ಉಗುರು ತಪಾಸಣೆಯ ನೆನಪು ಇದ್ದೇ ಇರುತ್ತದೆ. ಪ್ರಾರ್ಥನೆ ಮುಗಿದೊಡನೆ ಸಾಲಾಗಿ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚುವುದು, ಅಧ್ಯಾಪಕರು ಒಬ್ಬೊಬ್ಬರ ಬೆರಳ ತುದಿಯನ್ನೂ ನೋಡುತ್ತ ಸಾಗುವುದು, ಉಗುರು ಬೆಳೆಸಿದವರು ತಲೆ ತಗ್ಗಿಸುವುದು – ಇವೆಲ್ಲ ನಮ್ಮ ಪ್ರಾಥಮಿಕ ಶಿಕ್ಷಣದ ಒಂದು ಅಂಗವೇ ಆಗಿದ್ದವು. ಉಗುರು ಬೆಳೆಯುತ್ತಲೇ ಇರುತ್ತದೆ, ಅದನ್ನು ಆಗಾಗ ಕತ್ತರಿಸಬೇಕು ಎಂಬ ಪಾಠವನ್ನು ನಾವು ಅಕ್ಷರಮಾಲೆಯೊಂದಿಗೇ ಕಲಿತೆವು.

ಹಕ್ಕಿಗಳ ಉಗುರೂ ಹೀಗೆಯೇ ಜೀವನಪರ್ಯಂತ ಬೆಳೆಯುತ್ತದೆ. ಆದರೆ ಅಂಗಳದ ಕೋಳಿಯಾಗಲಿ, ತೆಂಗಿನ ಮರದ ಕಾಗೆಯಾಗಲಿ, ಗದ್ದೆಯ ಬೆಳ್ಳಕ್ಕಿಯಾಗಲಿ ಉಗುರು ಉದ್ದವಾಗಿ ನಡೆಯಲಾರದೆ ಎಡವಿದುದನ್ನು ನಾವು ಸಾಮಾನ್ಯವಾಗಿ ಕಾಣುವುದಿಲ್ಲ. ಹಕ್ಕಿಯೊಂದನ್ನು ಪಂಜರದಲ್ಲಿಟ್ಟು ಕೆಲವು ತಿಂಗಳು ಕಳೆಯಲಿ. ಎಷ್ಟೋ ಬಾರಿ ಅದರ ಉಗುರು ಕೊಕ್ಕೆಯಂತೆ ಬಾಗಿ, ಸರಿಗೆಗೆ ಸಿಕ್ಕಿಕೊಳ್ಳುವಷ್ಟು ಉದ್ದವಾಗಿರುತ್ತದೆ. ಹೊರಗೆ ಇಲ್ಲದ ತೊಂದರೆ ಒಳಗೆ ಏಕೆ ಬಂತು? ಹೊರಗಿರುವ ಹಕ್ಕಿಯ ಉಗುರನ್ನು ಕತ್ತರಿಸುವವರು ಯಾರು?

ಪ್ರಶ್ನೆ ಸಣ್ಣದು. ಆದರೆ ಅದರ ಉತ್ತರದಲ್ಲಿ ಹಕ್ಕಿಯ ಇಡೀ ಜೀವನಕ್ರಮವೇ ಅಡಗಿದೆ. ಕಾಸರಗೋಡಿನ ನಮ್ಮ ಹಳ್ಳಿಗಳಲ್ಲಿ ಕೋಳಿ ಸಾಕದ ಮನೆಗಳು ಕಡಿಮೆ. ಪೇಟೆಯ ಮನೆಗಳಲ್ಲಿ ಪಂಜರದ ಹಕ್ಕಿಗಳೂ ಕಡಿಮೆಯೇನಲ್ಲ. ಆದುದರಿಂದ ಈ ವಿಷಯವನ್ನು ತುಸು ವಿವರವಾಗಿ ತಿಳಿದುಕೊಳ್ಳುವುದು ಪ್ರಯೋಜನಕರವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ಉಗುರಿನ ರಚನೆ

ಹಕ್ಕಿಯ ಕಾಲ್ಬೆರಳಿನ ಕೊನೆಯ ಮೂಳೆ ಚೂಪಾಗಿಯೂ ತುಸು ಬಾಗಿಯೂ ಇರುತ್ತದೆ. ಕತ್ತಿಗೆ ಒರೆಯನ್ನು ತೊಡಿಸಿದಂತೆ ಆ ಮೂಳೆಯನ್ನು ಸುತ್ತುವರಿದಿರುವ ಗಟ್ಟಿ ಕವಚವೇ ಉಗುರು. ಇದು ಕೆರಾಟಿನ್ ಎಂಬ ಪ್ರೋಟೀನಿನಿಂದಾದುದು. ನಮ್ಮ ಕೂದಲು ಮತ್ತು ಉಗುರು, ದನದ ಕೊಂಬಿನ ಹೊರಕವಚ, ಹಕ್ಕಿಯ ಗರಿ ಮತ್ತು ಕೊಕ್ಕು ಇವೆಲ್ಲವೂ ಕೆರಾಟಿನ್ ವರ್ಗದ ವಸ್ತುಗಳಿಂದಲೇ ಆಗಿವೆ. ಸಸ್ತನಿಗಳಲ್ಲಿರುವುದು ಆಲ್ಫಾ ಕೆರಾಟಿನ್. ಹಕ್ಕಿಗಳ ಹಾಗೂ ಸರೀಸೃಪಗಳ ಉಗುರಿನಲ್ಲಿ ಇದರೊಡನೆ ಬೀಟಾ ಕೆರಾಟಿನ್ ಎಂಬ ಇನ್ನಷ್ಟು ಗಡಸು ವಸ್ತುವೂ ಸೇರಿರುತ್ತದೆ.

ಈ ಕವಚದಲ್ಲಿ ಎರಡು ಭಾಗಗಳಿವೆ. ಮೇಲಿನ ಮತ್ತು ಪಕ್ಕದ ಭಾಗ ಗಡಸು, ತಳಭಾಗ ಮೃದು. ಮೇಲ್ಭಾಗವು ತಳಭಾಗಕ್ಕಿಂತ ಬೇಗ ಬೆಳೆಯುತ್ತದೆ. ಮೇಲೆ ಹೆಚ್ಚು, ಕೆಳಗೆ ಕಡಿಮೆ ಬೆಳೆದಾಗ ಉಗುರು ಕೆಳಮುಖವಾಗಿ ಬಾಗದೆ ಬೇರೆ ದಾರಿಯಿಲ್ಲ. ಹಕ್ಕಿಯ ಉಗುರಿನ ಡೊಂಕಿಗೆ ಇದೇ ಕಾರಣ. ಬಳಕೆಯಲ್ಲಿ ಮೃದುವಾದ ತಳಭಾಗ ಮೊದಲು ಸವೆಯುತ್ತದೆ, ಗಡಸಾದ ಮೇಲ್ಭಾಗ ನಿಧಾನವಾಗಿ ಸವೆಯುತ್ತದೆ. ಹೀಗೆ ಒಂದು ಪಕ್ಕ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಸವೆಯುವುದರಿಂದ ತುದಿ ಮೊಂಡಾಗದೆ ಚೂಪಾಗಿಯೇ ಉಳಿಯುತ್ತದೆ. ಸಾಣೆಕಲ್ಲಿನ ಮೇಲೆ ಕತ್ತಿಯನ್ನು ಮಸೆದಾಗಲೂ ಅಷ್ಟೆ, ಕಬ್ಬಿಣ ಸವೆಯುತ್ತದೆ, ಅಲಗು ಹರಿತವಾಗುತ್ತದೆ.

ಉಗುರಿನ ಒಳಗೆ, ಮೂಳೆಯ ಸುತ್ತ, ಸಜೀವ ಅಂಗಾಂಶವಿದೆ. ಅಲ್ಲಿ ರಕ್ತನಾಳವೂ ನರವೂ ಇವೆ. ತುದಿಯ ಭಾಗ ಮಾತ್ರ ನಿರ್ಜೀವ. ಬಿಳಿ ಅಥವಾ ತಿಳಿಬಣ್ಣದ ಉಗುರನ್ನು ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ರಕ್ತನಾಳ ನಸುಗೆಂಪು ಗೆರೆಯಾಗಿ ಕಾಣುತ್ತದೆ. ಕಪ್ಪು ಉಗುರಿನಲ್ಲಿ ಅದು ಕಾಣುವುದಿಲ್ಲ. ಈ ಅಂಶದ ಮಹತ್ವವನ್ನು ಮುಂದೆ ನೋಡೋಣ.

ಬೆಳವಣಿಗೆಯ ಲೆಕ್ಕ

ಹಕ್ಕಿಯ ಉಗುರು ಎಷ್ಟು ವೇಗವಾಗಿ ಬೆಳೆಯುತ್ತದೆ? ಚಿಕ್ಕ ಹಾಡುಹಕ್ಕಿಗಳ ಉಗುರನ್ನು ಅಳೆದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಲೇಖನವೊಂದರ ಪ್ರಕಾರ ಈ ಬೆಳವಣಿಗೆ ದಿನಕ್ಕೆ ಸುಮಾರು 0.04 ಮಿಲಿಮೀಟರ್. ಕೇಳಲು ಇದು ಅತ್ಯಲ್ಪ. ಆದರೆ ಲೆಕ್ಕ ಹಾಕಿದರೆ ತಿಂಗಳಿಗೆ 1.2 ಮಿಲಿಮೀಟರ್, ವರ್ಷಕ್ಕೆ 14 ಮಿಲಿಮೀಟರಿಗೂ ಮಿಕ್ಕಿ ಆಗುತ್ತದೆ. ಅರ್ಧ ಸೆಂಟಿಮೀಟರಿನಷ್ಟು ಮಾತ್ರ ಉಗುರಿರುವ ಪುಟ್ಟ ಹಕ್ಕಿಗೆ ಇದು ದೊಡ್ಡ ಮೊತ್ತವೇ ಸರಿ. ಸವೆತವೆಂಬುದು ಇಲ್ಲದೆ ಹೋದರೆ ಒಂದೇ ವರ್ಷದಲ್ಲಿ ಅದರ ಉಗುರು ಈಗಿರುವುದರ ಮೂರು ನಾಲ್ಕು ಪಟ್ಟು ಉದ್ದವಾಗಬೇಕಾಗಿತ್ತು.

ಇನ್ನೊಂದು ಕುತೂಹಲಕರ ಸಂಗತಿಯಿದೆ. ಇಂದು ತುದಿಯಲ್ಲಿರುವ ಕೆರಾಟಿನ್ ಕೆಲವು ತಿಂಗಳ ಹಿಂದೆ ಬೆಳೆದದ್ದು. ಹಕ್ಕಿ ಆಗ ತಿಂದ ಆಹಾರದ ರಾಸಾಯನಿಕ ಗುರುತು ಅದರಲ್ಲಿ ಉಳಿದಿರುತ್ತದೆ. ಆದುದರಿಂದ ವಲಸೆ ಹಕ್ಕಿಯ ಉಗುರಿನ ಚೂರೊಂದನ್ನು ಪರೀಕ್ಷಿಸಿ, ಅದು ಹಿಂದಿನ ಋತುವನ್ನು ಎಂತಹ ಪ್ರದೇಶದಲ್ಲಿ ಕಳೆದಿತ್ತೆಂದು ಊಹಿಸಲು ವಿಜ್ಞಾನಿಗಳಿಗೆ ಸಾಧ್ಯವಾಗಿದೆ.

ನಿಸರ್ಗದಲ್ಲಿ ಸವೆತ

ನಿಸರ್ಗದಲ್ಲಿ ಉಗುರನ್ನು ಸವೆಸುವುದಕ್ಕಾಗಿಯೇ ಹಕ್ಕಿ ಮಾಡುವ ಪ್ರತ್ಯೇಕ ಕೆಲಸವೆಂಬುದಿಲ್ಲ. ಬದುಕಲು ಅದು ಮಾಡುವ ಪ್ರತಿಯೊಂದು ಕೆಲಸದಿಂದಲೂ ಉಗುರು ತಾನಾಗಿಯೇ ಸವೆಯುತ್ತದೆ.

ನಮಗೆ ಅತ್ಯಂತ ಪರಿಚಿತವಾದ ಕೋಳಿಯನ್ನೇ ನೋಡೋಣ. ಬೆಳಗ್ಗೆ ಗೂಡಿನ ಬಾಗಿಲು ತೆರೆದೊಡನೆ ಅದು ತಿಪ್ಪೆಯತ್ತ ಧಾವಿಸುತ್ತದೆ. ಒಂದು ಕಾಲಿನಿಂದ ಎರಡು ಬಾರಿ, ಇನ್ನೊಂದು ಕಾಲಿನಿಂದ ಎರಡು ಬಾರಿ ಕೆದಕಿ, ಹಿಂದೆ ಸರಿದು, ಬಗ್ಗಿ ನೋಡುತ್ತದೆ. ಈ ಕ್ರಿಯೆ ಸಂಜೆಯವರೆಗೆ ನಡೆದೇ ಇರುತ್ತದೆ. ನಮ್ಮ ಗುಡ್ಡೆಗಳ ಮುರಕಲ್ಲಿನ ನೆಲವಂತೂ ಪ್ರಕೃತಿಯೇ ಹಾಸಿಟ್ಟ ಅರದಂತಿದೆ. ಅದರ ಮೇಲೆ ನಡೆದು, ಓಡಿ, ಕೆದಕುವ ಕೋಳಿಗೆ ಉಗುರು ಕತ್ತರಿಸಬೇಕಾದ ಪ್ರಸಂಗ ಬರುವುದು ಅಪರೂಪ.

ಇದೇ ಕೋಳಿಯ ಮೈಯಲ್ಲಿ ನಮ್ಮ ವಾದಕ್ಕೆ ಸಾಕ್ಷಿಯೊಂದು ಸಿಗುತ್ತದೆ. ಹುಂಜದ ಕಾಲಿನ ಹಿಂಭಾಗದಲ್ಲಿ ಪಾದಕ್ಕಿಂತ ಮೇಲೆ ಮುಳ್ಳೊಂದು ಇರುತ್ತದೆ. ಅದು ಉಗುರಲ್ಲ, ಕಾಲಿನ ಮೂಳೆಯಿಂದಲೇ ಹೊರಟ ಚಾಚಿಕೆ. ಆದರೆ ಅದರ ಹೊರಕವಚವೂ ಕೆರಾಟಿನ್ನೇ. ಈ ಮುಳ್ಳು ನೆಲಕ್ಕೆ ತಾಗುವುದಿಲ್ಲ, ಯಾವುದಕ್ಕೂ ಉಜ್ಜುವುದಿಲ್ಲ. ಫಲವಾಗಿ ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತ ಹೋಗುತ್ತದೆ. ಮುಳ್ಳಿನ ಉದ್ದವನ್ನು ನೋಡಿ ಹುಂಜದ ಪ್ರಾಯವನ್ನು ಅಂದಾಜು ಮಾಡುವ ರೂಢಿ ಬಂದದ್ದೂ ಇದರಿಂದಲೇ. ಒಂದೇ ಕಾಲಿನಲ್ಲಿ ನೆಲಕ್ಕೆ ತಾಗುವ ಉಗುರು ಗಿಡ್ಡವಾಗಿಯೇ ಉಳಿಯುತ್ತದೆ. ತಾಗದ ಮುಳ್ಳು ಬೆಳೆಯುತ್ತಲೇ ಇರುತ್ತದೆ.

ಮರದ ಮೇಲೆ ಬದುಕುವ ಹಕ್ಕಿಗಳಿಗೆ ತೊಗಟೆಯೇ ಅರ. ನಮ್ಮ ತೆಂಗಿನ ತೋಟಗಳಲ್ಲಿ ಕಾಣುವ ಮರಕುಟಿಗವು ಎರಡು ಬೆರಳುಗಳನ್ನು ಮುಂದಕ್ಕೂ ಎರಡನ್ನು ಹಿಂದಕ್ಕೂ ಊರಿ, ಬಾಲವನ್ನು ಆನಿಸಿ, ನೆಟ್ಟಗಿನ ಕಾಂಡವನ್ನು ಏರುತ್ತದೆ. ಪ್ರತಿ ಜಿಗಿತದಲ್ಲೂ ಮೈಯ ಭಾರವನ್ನು ಹಿಡಿದುಕೊಳ್ಳುವುದು ಉಗುರುಗಳೇ. ಅವು ಉದ್ದವಾಗಿ ಬಳುಕಿದರೂ ಹಿಡಿತ ತಪ್ಪುತ್ತದೆ, ಮೊಂಡಾದರೂ ತಪ್ಪುತ್ತದೆ. ಗಿಳಿಗೂ ಇಂತಹದೇ ಪಾದ. ಅದು ಒರಟು ಕೊಂಬೆಗಳಲ್ಲಿ ಹತ್ತಿಳಿಯುತ್ತದೆ, ಮರದ ಪೊಟರೆಯ ಬಾಯಿಗೆ ಜೋತುಬೀಳುತ್ತದೆ, ಕಾಯಿಯನ್ನು ಕಾಲಿನಲ್ಲಿ ಹಿಡಿದು ತಿನ್ನುತ್ತದೆ. ಒಂದು ದಿನದಲ್ಲಿ ಅದು ಕೂರುವ ಕೊಂಬೆಗಳಲ್ಲಿ ಒಂದರ ದಪ್ಪ ಇನ್ನೊಂದಕ್ಕಿಲ್ಲ; ಒಂದರ ಒರಟುತನ ಇನ್ನೊಂದಕ್ಕಿಲ್ಲ.

ಉಗುರೆಲ್ಲವೂ ಗಿಡ್ಡವಾಗಿಯೇ ಇರಬೇಕೆಂಬ ನಿಯಮ ಪ್ರಕೃತಿಯಲ್ಲಿಲ್ಲ. ಕೆರೆಗಳಲ್ಲಿ ತಾವರೆ, ನೈದಿಲೆಗಳ ಎಲೆಯ ಮೇಲೆ ನಡೆದಾಡುವ ದೇವನಕ್ಕಿಯ ಬೆರಳುಗಳೂ ಉಗುರುಗಳೂ ಅಸಾಧಾರಣ ಉದ್ದ. ಮೈಯ ಭಾರ ವಿಶಾಲವಾಗಿ ಹಂಚಿಹೋಗುವುದರಿಂದ ಎಲೆ ಮುಳುಗುವುದಿಲ್ಲ. ಅದು ನಡೆಯುವ ನೆಲ ನುಣುಪಾದ ಎಲೆಯಾದುದರಿಂದ ಆ ಉದ್ದ ಸವೆದುಹೋಗುವುದೂ ಇಲ್ಲ. ನಾವು ಕೆಂಬೂತವೆಂದೂ ನಮ್ಮ ಮಲಯಾಳಿ ನೆರೆಯವರು ಚೆಂಬೋತ್ತ್ ಎಂದೂ ಕರೆಯುವ ಹಕ್ಕಿಯ ಹಿಂಬೆರಳಿನಲ್ಲಿ ಉದ್ದನೆಯ ನೇರವಾದ ಉಗುರಿದೆ. ಈ ಹಕ್ಕಿಯ ಕುಲಕ್ಕೆ ವಿಜ್ಞಾನಿಗಳಿಟ್ಟ ಸೆಂಟ್ರೋಪಸ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ‘ಮುಳ್ಳುಗಾಲು’ ಎಂದೇ ಅರ್ಥ.

ಬೆಳ್ಳಕ್ಕಿಯ ಉಗುರಿನದು ಮತ್ತೊಂದು ವಿಶೇಷ. ಅದರ ನಡುಬೆರಳಿನ ಉಗುರಿನ ಒಳ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಸಾಲು ಇದೆ. ಕಣಜ ಗೂಬೆಗೂ, ರಾತ್ರಿ ದಾರಿಯ ನಡುವೆ ಕೂತು ನಮ್ಮನ್ನು ಬೆಚ್ಚಿಬೀಳಿಸುವ ನತ್ತಿಂಗಕ್ಕೂ ಇಂತಹ ಬಾಚಣಿಗೆ ಉಗುರುಂಟು. ಗರಿಗಳನ್ನು ಶುಚಿಗೊಳಿಸಲು ಇದು ನೆರವಾಗುತ್ತದೆಂದು ಪಕ್ಷಿತಜ್ಞರು ಭಾವಿಸುತ್ತಾರೆ. ಹಿಮಪ್ರದೇಶದ ಟಾರ್ಮಿಗನ್ ಎಂಬ ಕಾಡುಕೋಳಿಯ ಕ್ರಮವಂತೂ ಇನ್ನೂ ವಿಚಿತ್ರ. ಚಳಿಗಾಲದಲ್ಲಿ ಹಿಮವನ್ನು ಕೆದಕಲು ಬೆಳೆಸಿಕೊಂಡ ಉದ್ದ ಉಗುರಿನ ಕವಚವನ್ನು, ಗರಿ ಉದುರಿಸುವಂತೆ, ಬೇಸಗೆಯಲ್ಲಿ ಕಳಚಿಹಾಕುತ್ತದೆ.

ಇವೆಲ್ಲವುಗಳಿಂದ ನಾವು ತಿಳಿಯಬೇಕಾದ ತತ್ತ್ವ ಒಂದೇ. ಬೆಳವಣಿಗೆ ಮತ್ತು ಸವೆತ ಇವೆರಡೂ ತಕ್ಕಡಿಯ ಎರಡು ತಟ್ಟೆಗಳು. ಆಯಾ ಹಕ್ಕಿಯ ಬದುಕಿನಲ್ಲಿ ಎಷ್ಟು ಸವೆತವಿದೆಯೋ ಅದಕ್ಕೆ ತಕ್ಕಷ್ಟೇ ಬೆಳವಣಿಗೆ ಅನೇಕ ಸಾವಿರ ತಲೆಮಾರುಗಳಲ್ಲಿ ರೂಪುಗೊಂಡಿದೆ.

ತಕ್ಕಡಿ ತಪ್ಪಿದಾಗ

ಕಾಡಿನ ಹಕ್ಕಿಗಳಲ್ಲೂ ಈ ತಕ್ಕಡಿ ಒಮ್ಮೊಮ್ಮೆ ತಪ್ಪುತ್ತದೆ. ಅದಕ್ಕೆ ಕಾರಣ ಬಹುತೇಕ ರೋಗವೇ. ಅಮೆರಿಕದ ಅಲಾಸ್ಕಾ ಪ್ರಾಂತದಲ್ಲಿ 1990ರ ದಶಕದ ಕೊನೆಯಿಂದ ಚಿಕಡೀ ಎಂಬ ಪುಟ್ಟ ಹಕ್ಕಿಗಳಲ್ಲಿ ಕೊಕ್ಕು ವಿಪರೀತ ಉದ್ದವಾಗಿ, ಒಂದರ ಮೇಲೊಂದು ಅಡ್ಡವಾಗಿ ಬೆಳೆಯುವುದು ಕಂಡುಬಂತು. ಕೆಲವು ಹಕ್ಕಿಗಳ ಉಗುರುಗಳೂ ಹಾಗೆಯೇ ಬೆಳೆದವು. ಅಂತಹ ಹಕ್ಕಿಗಳ ಕೊಕ್ಕು ಸಾಮಾನ್ಯಕ್ಕಿಂತ ಇಮ್ಮಡಿ ವೇಗದಲ್ಲಿ ಬೆಳೆಯುತ್ತಿತ್ತೆಂದು ಮುಂದೆ ತಿಳಿಯಿತು. 2016ರಲ್ಲಿ ವಿಜ್ಞಾನಿಗಳು ಈ ರೋಗದೊಂದಿಗೆ ಸಂಬಂಧವಿರುವ ಹೊಸ ವೈರಸ್ಸೊಂದನ್ನು ಗುರುತಿಸಿದರು. ಇಲ್ಲಿ ಸವೆತ ಮೊದಲಿನಷ್ಟೇ ಇತ್ತು, ಬೆಳವಣಿಗೆ ಹೆಚ್ಚಾಯಿತು. ಪಂಜರದಲ್ಲಿ ಸಾಮಾನ್ಯವಾಗಿ ಆಗುವುದು ಇದರ ವಿರುದ್ಧ: ಬೆಳವಣಿಗೆ ಮೊದಲಿನಷ್ಟೇ ಇರುತ್ತದೆ, ಸವೆತ ನಿಂತುಹೋಗುತ್ತದೆ.

ಪಂಜರದಲ್ಲಿ ನಡೆಯುವುದೇನು?

ಪೇಟೆಯಲ್ಲಿ ದೊರೆಯುವ ಪಂಜರಗಳಲ್ಲಿ ಸಾಮಾನ್ಯವಾಗಿ ಒಂದೇ ದಪ್ಪದ, ನುಣುಪಾದ, ಮರದ ಅಥವಾ ಪ್ಲಾಸ್ಟಿಕ್ಕಿನ ಒಂದೆರಡು ಅಡ್ಡಕೋಲುಗಳಿರುತ್ತವೆ. ಹಕ್ಕಿ ಹಗಲಿರುಳೂ ಅದರ ಮೇಲೆಯೇ ಕೂತಿರುತ್ತದೆ. ಕೋಲು ನುಣುಪಾದುದರಿಂದ ಉಗುರು ಉಜ್ಜುವುದಿಲ್ಲ. ಕೋಲು ತೀರಾ ತೆಳುವಾದರೆ ಬೆರಳುಗಳು ಪೂರ್ತಿ ಸುತ್ತುಹಾಕಿ, ಉಗುರಿನ ತುದಿ ಗಾಳಿಯಲ್ಲಿಯೇ ಉಳಿಯುತ್ತದೆ. ಹಾರಲು ಜಾಗವಿಲ್ಲ, ನಡೆಯಲು ನೆಲವಿಲ್ಲ, ಹುಡುಕಲು ಆಹಾರವಿಲ್ಲ – ಕಾಳು ಬಟ್ಟಲಿನಲ್ಲಿಯೇ ಇದೆ. ಕಾಡಿನಲ್ಲಿ ಉಗುರನ್ನು ಸವೆಸುತ್ತಿದ್ದ ಕೆಲಸಗಳೆಲ್ಲವೂ ಒಂದೊಂದಾಗಿ ಇಲ್ಲವಾಗಿವೆ.

ಇದರ ದುಷ್ಪರಿಣಾಮಗಳು ಹಲವು. ಉದ್ದವಾದ ಉಗುರು ಪಂಜರದ ಸರಿಗೆಗೋ ಬಟ್ಟೆಯ ಎಳೆಗೋ ಸಿಕ್ಕಿಕೊಳ್ಳುತ್ತದೆ. ಗಾಬರಿಗೊಂಡ ಹಕ್ಕಿ ಎಳೆದಾಡಿದಾಗ ಉಗುರು ಕಿತ್ತುಬರಬಹುದು, ಬೆರಳು ಮುರಿಯಬಹುದು. ಬೆಳೆದ ಉಗುರು ಬೆರಳನ್ನು ಮೇಲಕ್ಕೆ ತಳ್ಳುವುದರಿಂದ ಮೈಯ ಭಾರ ಅಂಗಾಲಿನ ಒಂದೇ ಜಾಗದ ಮೇಲೆ ಬೀಳುತ್ತದೆ. ಅಲ್ಲಿಯ ಚರ್ಮ ಮೊದಲು ನುಣುಪಾಗಿ ಕೆಂಪಾಗುತ್ತದೆ, ಬಳಿಕ ಹುಣ್ಣಾಗುತ್ತದೆ, ಕೊನೆಗೆ ರೋಗಾಣು ಸೇರಿ ಬಾವು ಬರುತ್ತದೆ. ಉಪೇಕ್ಷಿಸಿದರೆ ಸೋಂಕು ಮೂಳೆಯವರೆಗೂ ಇಳಿಯುತ್ತದೆ. ಹಕ್ಕಿಗೆ ನಮ್ಮಂತೆ ಮಲಗಿ ಕಾಲಿಗೆ ವಿಶ್ರಾಂತಿ ಕೊಡಲು ಬಾರದು. ನಿದ್ದೆಯಲ್ಲೂ ಅದು ಕಾಲ ಮೇಲೆಯೇ ಇರಬೇಕು. ಆದುದರಿಂದ ಪಾದದ ನೋವು ಅದಕ್ಕೆ ಬಿಡುವಿಲ್ಲದ ನೋವು.

ಇನ್ನೊಂದು ಎಚ್ಚರಿಕೆ ಅಗತ್ಯ. ಉಗುರು ಬೆಳೆಯುವುದು ಪ್ರತಿಬಾರಿಯೂ ಅಡ್ಡಕೋಲಿನ ದೋಷವೆಂದು ತಿಳಿಯಬಾರದು. ಕೇವಲ ಕಾಳನ್ನೇ ತಿಂದು, ಮೈ ಅಲುಗಿಸದೆ ಕೊಬ್ಬಿದ ಹಕ್ಕಿಗಳಲ್ಲಿ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುವ ರೋಗ ಬರುತ್ತದೆ. ಆಗ ಉಗುರು ಮತ್ತು ಕೊಕ್ಕು ಎರಡೂ ಅತಿಯಾಗಿ ಬೆಳೆಯುತ್ತವೆ. ಕೆಲವೊಮ್ಮೆ ಅವುಗಳಲ್ಲಿ ರಕ್ತ ಕಟ್ಟಿದಂತಹ ಕಪ್ಪು ಚುಕ್ಕೆಗಳೂ ಕಾಣುತ್ತವೆ. ಕೊಕ್ಕಿನ ಬುಡ ಮತ್ತು ಕಾಲುಗಳ ಮೇಲೆ ಜೇನುಗೂಡಿನಂತಹ ಬಿಳಿ ಹೊಪ್ಪಳೆ ಬಂದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಬಾಧೆ. ಒಂದೇ ಬೆರಳಿನ ಉಗುರು ಮಾತ್ರ ಬೆಳೆದಿದ್ದರೆ ಹಕ್ಕಿ ಆ ಬೆರಳನ್ನು ಊರುತ್ತಿಲ್ಲವೆಂದು ತಿಳಿಯಬೇಕು. ಹಳೆಯ ಗಾಯವೋ ಸಂದಿನೋವೋ ಇದ್ದೀತು. ಇಂತಹ ಸಂದರ್ಭಗಳಲ್ಲಿ ಉಗುರನ್ನಷ್ಟೇ ಕತ್ತರಿಸಿ ಸುಮ್ಮನಾಗುವುದು, ಜ್ವರ ಬಂದವನ ಹಣೆಯನ್ನು ಒರೆಸಿ ಸುಮ್ಮನಾದಂತೆ. ಪಶುವೈದ್ಯರಿಗೆ ತೋರಿಸುವುದೇ ಸರಿ.

ಕೋಳಿ ಸಾಕಣೆಯಿಂದ ಒಂದು ಪಾಠ

ಈ ಸಮಸ್ಯೆಯನ್ನು ಜಾಣತನದಿಂದ ಬಗೆಹರಿಸಿದ ಒಂದು ಉದಾಹರಣೆ ಸ್ವೀಡನ್ ದೇಶದಿಂದ ದೊರೆಯುತ್ತದೆ. ಮೊಟ್ಟೆಗಾಗಿ ಸರಿಗೆಯ ಗೂಡುಗಳಲ್ಲಿ ಸಾಕುವ ಕೋಳಿಗಳಿಗೆ ಕೆದಕಲು ನೆಲವಿಲ್ಲದೆ ಉಗುರು ಉದ್ದವಾಗಿ, ಮುರಿದು, ಒಂದನ್ನೊಂದು ಗೀರಿ ಗಾಯಗೊಳಿಸುತ್ತಿದ್ದವು. ಅಲ್ಲಿಯ ವಿಜ್ಞಾನಿ ರಾಗ್ನರ್ ತೌಸನ್ ಅವರು ಕೋಳಿ ಆಹಾರ ತಿನ್ನುವ ರೀತಿಯನ್ನು ಗಮನಿಸಿದರು. ಕೋಳಿಗೆ ತಿನ್ನುವಾಗ ಕಾಲಿನಿಂದ ಕೆದಕುವ ಸ್ವಭಾವ. ಮುಂದೆ ಬಟ್ಟಲು ತುಂಬ ಆಹಾರವಿದ್ದರೂ, ಕಾಲಡಿಯಲ್ಲಿ ಮಣ್ಣೇ ಇಲ್ಲದಿದ್ದರೂ, ಅದು ಕೆದಕದೆ ಇರಲಾರದು. ಆಹಾರದ ತೊಟ್ಟಿಯ ಒಳಬದಿಯಲ್ಲಿ, ಕೋಳಿಯ ಕಾಲು ತಾಗುವ ತಗಡಿನ ಮೇಲೆ ಒರಟಾದ ಪಟ್ಟಿಯೊಂದನ್ನು ಅಂಟಿಸಿದರೆ ಸಾಕು, ತಿನ್ನುವಾಗಲೆಲ್ಲ ಉಗುರು ತಾನಾಗಿಯೇ ಸವೆಯುತ್ತದೆ ಎಂದು ಅವರು ತೋರಿಸಿಕೊಟ್ಟರು. ಅವರ ಈ ಅಧ್ಯಯನ 1986ರಲ್ಲಿ ಪ್ರಕಟವಾಯಿತು.

ಮುಂದೆ ಯುರೋಪಿನ ಒಕ್ಕೂಟವು 1999ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಗೂಡಿನಲ್ಲಿ ಸಾಕುವ ಪ್ರತಿ ಮೊಟ್ಟೆಕೋಳಿಗೆ ಕನಿಷ್ಠ 750 ಚದರ ಸೆಂಟಿಮೀಟರ್ ಜಾಗ, 15 ಸೆಂಟಿಮೀಟರಿನಷ್ಟು ಅಡ್ಡಕೋಲು, ಮೊಟ್ಟೆಯಿಡಲು ತಾವು, ಕೆದಕಲು ಹಾಸು – ಇವುಗಳೊಂದಿಗೆ ಉಗುರು ಸವೆಸುವ ಸಾಧನವೂ ಇರಬೇಕೆಂದು ವಿಧಿಸಲಾಯಿತು. ಇವಿಲ್ಲದ ಹಳೆಯ ಮಾದರಿಯ ಗೂಡುಗಳು 2012ರ ಜನವರಿ 1ರಿಂದ ಅಲ್ಲಿ ನಿಷಿದ್ಧವಾದವು. ಕೋಳಿಯ ಉಗುರು ಕಾನೂನಿನ ಪುಟಕ್ಕೆ ಏರಿದ ಸಂಗತಿ ಕೆಲವರಿಗೆ ನಗು ತರಿಸಬಹುದು. ಆದರೆ ಕೋಳಿಯನ್ನು ಹಿಡಿದು ಉಗುರು ಕತ್ತರಿಸುವ ಬದಲು, ಅದರ ಸ್ವಭಾವಕ್ಕೆ ಅವಕಾಶ ಮಾಡಿಕೊಟ್ಟದ್ದು ಇಲ್ಲಿಯ ಹೆಚ್ಚುಗಾರಿಕೆ.

ಸಾಕುವವರು ಮಾಡಬೇಕಾದುದು

ನಮ್ಮಲ್ಲಿ ಪಂಜರದಲ್ಲಿ ಹೆಚ್ಚಾಗಿ ಸಾಕುವುದು ಬಜರಿಗರ್ ಎಂಬ ಪುಟ್ಟ ಗಿಳಿಗಳನ್ನು. ಅಂಗಡಿಗಳಲ್ಲಿ ಇವುಗಳಿಗೆ ‘ಲವ್ ಬರ್ಡ್ಸ್’ ಎಂಬ ತಪ್ಪು ಹೆಸರು ರೂಢಿಯಾಗಿದೆ. ಇವು ಆಸ್ಟ್ರೇಲಿಯದ ಒಣನಾಡಿನ ಹಕ್ಕಿಗಳು. ಪಕ್ಷಿವಿಜ್ಞಾನಿ ಜಾನ್ ಗೂಲ್ಡ್ 1840ರಲ್ಲಿ ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಜಗತ್ತಿನೆಲ್ಲೆಡೆ ಹರಡಿದವು. ತಾಯ್ನಾಡಿನಲ್ಲಿ ಇವು ದೊಡ್ಡ ಹಿಂಡುಗಳಾಗಿ ದೂರದೂರಕ್ಕೆ ಹಾರುತ್ತವೆ, ನೆಲದ ಮೇಲೆ ನಡೆದು ಹುಲ್ಲಿನ ಬೀಜ ಹೆಕ್ಕುತ್ತವೆ, ನೀಲಗಿರಿ ಮರಗಳ ಪೊಟರೆಯಲ್ಲಿ ಗೂಡು ಮಾಡುತ್ತವೆ. ಆ ಬದುಕಿನ ಒಂದಂಶವನ್ನಾದರೂ ಪಂಜರದೊಳಕ್ಕೆ ತರುವುದು ಸಾಕುವವನ ಕರ್ತವ್ಯ.

ಮೊದಲನೆಯದಾಗಿ, ನುಣುಪಾದ ಕೋಲುಗಳನ್ನು ತೆಗೆದು ತೊಗಟೆಯಿರುವ ಸಹಜ ಕೊಂಬೆಗಳನ್ನು ಇಡಬೇಕು. ಪೇರಳೆ, ಮಾವು, ಬೇವುಗಳ ಕೊಂಬೆ ಉತ್ತಮ. ವಿಷವಿರುವ ಕಣಗಿಲೆಯ ಕೊಂಬೆಯನ್ನು ಎಂದಿಗೂ ಇಡಬಾರದು. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ತೋಟದ ಕೊಂಬೆಗಳೂ ಬೇಡ. ಯಾವುದೇ ಕೊಂಬೆಯಾದರೂ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿಯೇ ಉಪಯೋಗಿಸಬೇಕು.

ಎರಡನೆಯದಾಗಿ, ಕೊಂಬೆಗಳ ದಪ್ಪ ಬೇರೆ ಬೇರೆಯಾಗಿರಬೇಕು. ಹಕ್ಕಿ ಕೂತಾಗ ಮುಂದಿನ ಮತ್ತು ಹಿಂದಿನ ಬೆರಳುಗಳ ತುದಿಗಳು ಒಂದನ್ನೊಂದು ಮುಟ್ಟದೆ ನಡುವೆ ತುಸು ಅಂತರ ಉಳಿಯುವುದು ಸರಿಯಾದ ಅಳತೆ. ಆಗ ಉಗುರಿನ ತುದಿ ತೊಗಟೆಗೆ ತಾಗುತ್ತದೆ. ದಪ್ಪ ಬದಲಾದಂತೆ ಅಂಗಾಲಿನ ಮೇಲಿನ ಒತ್ತಡದ ಜಾಗವೂ ಬದಲಾಗಿ ಹುಣ್ಣು ತಪ್ಪುತ್ತದೆ.

ಮೂರನೆಯದಾಗಿ, ಅಡ್ಡಕೋಲಿಗೆ ಮರಳುಕಾಗದ ಸುತ್ತುವ ಅಭ್ಯಾಸವನ್ನು ಬಿಡಬೇಕು. ಇದು ಉಗುರನ್ನು ಸವೆಸುವುದಕ್ಕಿಂತ ಹೆಚ್ಚಾಗಿ ಅಂಗಾಲನ್ನು ಸವೆಸುತ್ತದೆ. ಏಕೆಂದರೆ ಕೂತಿರುವ ಹಕ್ಕಿಯ ಭಾರ ಬೀಳುವುದು ಅಂಗಾಲಿನ ಮೇಲೆ. ಸಿಮೆಂಟಿನಿಂದ ಮಾಡಿದ ಒರಟು ಕೋಲನ್ನು ಇಡುವುದಾದರೆ ಒಂದನ್ನು ಮಾತ್ರ, ಹಕ್ಕಿ ಸ್ವಲ್ಪ ಹೊತ್ತು ಬಂದುಹೋಗುವ ಜಾಗದಲ್ಲಿ, ಉದಾಹರಣೆಗೆ ನೀರಿನ ಬಟ್ಟಲಿನ ಮುಂದೆ ಇಡಬೇಕು. ರಾತ್ರಿ ನಿದ್ರಿಸುವ ಕೊಂಬೆ ಯಾವಾಗಲೂ ಮರದ್ದೇ ಇರಲಿ.

ನಾಲ್ಕನೆಯದಾಗಿ, ಹಕ್ಕಿಗೆ ಕೆಲಸ ಕೊಡಬೇಕು. ಪಂಜರ ದೊಡ್ಡದಾಗಿರಲಿ, ಹಾರಲು ಜಾಗವಿರಲಿ. ಬಟ್ಟಲಿನ ಕಾಳಿನ ಒಂದು ಪಾಲನ್ನು ಶುಭ್ರವಾದ ಚಪ್ಪಟೆ ಕಲ್ಲಿನ ಮೇಲೆ ಚೆಲ್ಲಿದರೆ ಹಕ್ಕಿ ಕೆಳಗಿಳಿದು ನಡೆಯುತ್ತದೆ. ಕಾಳಿನೊಂದಿಗೆ ನುಗ್ಗೆಸೊಪ್ಪು, ಹರಿವೆ, ಕ್ಯಾರೆಟ್ಟುಗಳನ್ನೂ ಕೊಡಬೇಕು. ಬರಿಯ ಕಾಳಿನಲ್ಲಿ ಎ ಜೀವಸತ್ವ ತೀರಾ ಕಡಿಮೆ. ಅದರ ಕೊರತೆಯಿಂದ ಅಂಗಾಲಿನ ಚರ್ಮ ಕೆಟ್ಟು ಹುಣ್ಣಾಗುವುದು ಸುಲಭ.

ಕತ್ತರಿಸಲೇಬೇಕಾದರೆ

ಇಷ್ಟೆಲ್ಲ ಮಾಡಿದರೂ ಮುದಿಯಾದ ಅಥವಾ ಕಾಲು ಊನವಾದ ಹಕ್ಕಿಗಳಿಗೆ ಉಗುರು ಕತ್ತರಿಸಬೇಕಾಗಬಹುದು. ಹಕ್ಕಿಯನ್ನು ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ ನೋಡಿ. ಬೆರಳುಗಳು ಹಲಗೆಗೆ ಅಂಟಿ ನಿಂತರೆ ಉಗುರು ಸರಿಯಾಗಿದೆ. ಉಗುರು ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರೆ ಅದು ಬೆಳೆದಿದೆಯೆಂದು ಅರ್ಥ. ಮೊದಲ ಸಲ ಪಶುವೈದ್ಯರಿಂದಲೇ ಮಾಡಿಸಿ, ಕ್ರಮವನ್ನು ನೋಡಿ ಕಲಿಯುವುದು ಲೇಸು.

ಇಲ್ಲಿ ಮುಖ್ಯವಾದ ಎರಡು ಸಂಗತಿಗಳನ್ನು ಮರೆಯಬಾರದು. ನಮ್ಮ ಉಸಿರಾಟಕ್ಕೆ ನೆರವಾಗುವ ವಪೆ ಹಕ್ಕಿಗಳಲ್ಲಿಲ್ಲ. ಎದೆಯ ಮೂಳೆ ಮುಂದೆ ಹಿಂದೆ ಚಲಿಸಿದರೆ ಮಾತ್ರ ಅವಕ್ಕೆ ಉಸಿರು. ಆದುದರಿಂದ ಹಕ್ಕಿಯನ್ನು ಹಿಡಿಯುವಾಗ ಎದೆಯನ್ನು ಒತ್ತಿದರೆ, ಮೂಗು ಬಾಯಿ ತೆರೆದಿದ್ದರೂ ಅದು ಉಸಿರುಗಟ್ಟಿ ಸಾಯುತ್ತದೆ. ಮೆತ್ತನೆಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ, ತಲೆಯ ಇಕ್ಕೆಲಗಳನ್ನು ಮಾತ್ರ ಬೆರಳುಗಳಿಂದ ಹಿಡಿಯಬೇಕು. ಎರಡನೆಯದು ರಕ್ತದ ವಿಷಯ. ಹಕ್ಕಿಯ ದೇಹದಲ್ಲಿರುವ ರಕ್ತ ಅದರ ತೂಕದ ಹತ್ತನೆಯ ಒಂದಂಶದಷ್ಟು. 30 ಗ್ರಾಂ ತೂಗುವ ಬಜರಿಗರ್ ಹಕ್ಕಿಯಲ್ಲಿ ಸುಮಾರು 3 ಮಿಲಿಲೀಟರ್, ಎಂದರೆ ಒಂದು ಚಮಚಕ್ಕೂ ಕಡಿಮೆ. ನಮಗೆ ನಾಲ್ಕು ಹನಿ ರಕ್ತ ಏನೂ ಅಲ್ಲ, ಅದಕ್ಕೆ ಪ್ರಾಣದ ಪ್ರಶ್ನೆ.

ಆದುದರಿಂದ ತುದಿಯನ್ನು ಮಾತ್ರ, ಒಮ್ಮೆಗೆ ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿಲ್ಲದಂತೆ ತೆಗೆಯಬೇಕು. ಪುಟ್ಟ ಹಕ್ಕಿಗಳಿಗೆ ಇನ್ನೂ ಕಡಿಮೆ. ಕಪ್ಪು ಉಗುರಿನಲ್ಲಿ ರಕ್ತನಾಳ ಕಾಣದಿರುವುದರಿಂದ ಕತ್ತರಿಸುವ ಬದಲು ಸಣ್ಣ ಅರದಿಂದ ಉಜ್ಜುವುದು ಸುರಕ್ಷಿತ. ಬಹಳ ಬೆಳೆದ ಉಗುರಿನಲ್ಲಿ ರಕ್ತನಾಳವೂ ಮುಂದಕ್ಕೆ ಬಂದಿರುತ್ತದೆ. ಕೆಲವು ವಾರಗಳ ಅಂತರದಲ್ಲಿ ಸ್ವಲ್ಪಸ್ವಲ್ಪವೇ ತೆಗೆದರೆ ಅದು ಹಿಂದಕ್ಕೆ ಸರಿಯುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಅಥವಾ ಗೋದಿಹಿಟ್ಟನ್ನು ತುದಿಗೆ ಒತ್ತಿ ಹಿಡಿದು, ನಿಂತ ಬಳಿಕವೇ ಹಕ್ಕಿಯನ್ನು ಬಿಡಬೇಕು. ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಬೇಕು.

ನಮ್ಮ ಕಾಡಿನ ಗಿಳಿಗಳ ವಿಷಯ

ಮೇಲಿನ ಸಲಹೆಗಳು ವಿದೇಶೀ ಮೂಲದ ಸಾಕುಹಕ್ಕಿಗಳಿಗೂ ಕೋಳಿಗಳಿಗೂ ಮಾತ್ರ ಅನ್ವಯಿಸುತ್ತವೆ. ನಮ್ಮ ತೋಟ, ಗದ್ದೆ, ಕಾಡುಗಳಲ್ಲಿರುವ ಗಿಳಿ, ಮೈನಾ ಮುಂತಾದವುಗಳನ್ನು ಹಿಡಿಯುವುದೂ ಪಂಜರದಲ್ಲಿಡುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. 1990–91ರಿಂದ ದೇಶೀಯ ಕಾಡುಹಕ್ಕಿಗಳ ವ್ಯಾಪಾರವೂ ನಿಷಿದ್ಧ. 2022ರ ತಿದ್ದುಪಡಿಯ ಬಳಿಕವೂ ಈ ರಕ್ಷಣೆ ಮುಂದುವರಿದಿದೆ. ಆದರೂ ಅಜ್ಜನ ಕಾಲದಿಂದ ಬಂದ ರೂಢಿಯೆಂದು ಇಂದಿಗೂ ಗಿಳಿಮರಿಗಳನ್ನು ಪೊಟರೆಯಿಂದ ತೆಗೆದು ಸಾಕುವವರಿದ್ದಾರೆ.

ಅಂತಹ ಗಿಳಿಯ ಮೇಲೆ ಕನಿಕರ ಹುಟ್ಟಿ ಒಮ್ಮೆಲೇ ಪಂಜರದ ಬಾಗಿಲು ತೆರೆದುಬಿಡುವುದೂ ಸರಿಯಲ್ಲ. ಬೆಳೆದ ಉಗುರು, ಬಲಗುಂದಿದ ರೆಕ್ಕೆ, ಆಹಾರ ಹುಡುಕಲು ಕಲಿಯದ ಕಣ್ಣು – ಇವುಗಳೊಂದಿಗೆ ಹೊರಗೆ ಹೋದ ಹಕ್ಕಿ ಕಾಗೆಗೋ ಬೆಕ್ಕಿಗೋ ತುತ್ತಾಗುವುದೇ ಹೆಚ್ಚು. ಅರಣ್ಯ ಇಲಾಖೆಯವರಿಗೆ ಒಪ್ಪಿಸಿದರೆ, ಅದು ಹೊರಗೆ ಬದುಕಬಲ್ಲುದೇ ಎಂದು ತಿಳಿದವರು ನೋಡಿ ನಿರ್ಧರಿಸುತ್ತಾರೆ.

ಉಪಸಂಹಾರ

ಹಕ್ಕಿಯ ಉಗುರನ್ನು ಕತ್ತರಿಸುವವರು ಯಾರೆಂಬ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಅದು ನಡೆಯುವ ನೆಲ, ಹತ್ತುವ ತೊಗಟೆ, ಕೆದಕುವ ತರಗೆಲೆ, ಹೊಟ್ಟೆಗಾಗಿ ಅದು ದಿನವಿಡೀ ಪಡುವ ಶ್ರಮ – ಇವೇ ಆ ಕತ್ತರಿ. ಪಂಜರದಲ್ಲಿ ನಾವು ಹಕ್ಕಿಗೆ ಅನ್ನ ನೀರು ಕೊಟ್ಟು, ಶತ್ರುಭಯವನ್ನು ತಪ್ಪಿಸಿ, ಉಪಕಾರ ಮಾಡಿದೆವೆಂದು ತಿಳಿಯುತ್ತೇವೆ. ಆದರೆ ಅನ್ನದೊಂದಿಗೆ ಅದರ ಕೆಲಸವನ್ನೂ ಕಿತ್ತುಕೊಂಡಿರುತ್ತೇವೆ. ಕೊಕ್ಕೆಯಂತೆ ಬೆಳೆದ ಉಗುರು ಆ ಕೊರತೆಯನ್ನು ನಮಗೆ ತಿಳಿಸುವ ಗುರುತು. ಅದನ್ನು ಕಂಡಾಗ ಮೊದಲು ಕತ್ತರಿಯನ್ನು ಹುಡುಕದೆ, ಪಂಜರದೊಳಗೆ ಏನೇನು ಇಲ್ಲವೆಂದು ನೋಡುವುದು ಒಳ್ಳೆಯದು.

ನಮ್ಮ ಶಾಲೆಯ ಮಕ್ಕಳು ಒಂದು ವಾರ ಕಾಲ ಮನೆಯಂಗಳದ ಕೋಳಿಯ ಪಾದವನ್ನೂ, ಪಂಜರದ ಹಕ್ಕಿಯ ಪಾದವನ್ನೂ ದೂರದಿಂದಲೇ ಗಮನಿಸಿ ಬರೆದಿಡಲಿ. ಎಷ್ಟು ಹೊತ್ತು ನಡೆಯಿತು, ಎಷ್ಟು ಸಲ ಕೆದಕಿತು, ಯಾವ ಕೊಂಬೆಯ ಮೇಲೆ ಕೂತಿತು ಎಂಬ ಲೆಕ್ಕ ಸಾಕು. ಪಾಠಪುಸ್ತಕದ ಯಾವ ಅಧ್ಯಾಯಕ್ಕೂ ಕಡಿಮೆಯಲ್ಲದ ಜೀವವಿಜ್ಞಾನವನ್ನು ಅವರು ಅದರಿಂದ ಕಲಿತಾರು.